ಮುಗೋವೆಯ ಭಾರ

ಝಕೇಯೊ ಸತ್ತವನ ಬೂಟಿಗೆ ಕಾಲು ತುರುಕುತ್ತಿದ್ದ. ಎಡಗಾಲು ಹೋಯಿತು, ಬಲಗಾಲು ಹಿಮ್ಮಡಿಯಲ್ಲೇ ಸಿಕ್ಕಿಕೊಂಡಿತು. ಕುಂಟುತ್ತಲೇ ಅಂಗಳಕ್ಕೆ ಬಂದು ಎದೆ ಸೆಟೆಸಿ ನಿಂತ.

"ಏನ್ರೋ ಬಾಯಿ ಬಿಟ್ಕೊಂಡು ನೋಡ್ತೀರಾ? ಸಾಲಾಗಿ ನಿಂತ್ಕೊಳ್ರೋ! ಮೆಣಸಿನ ಬೆರಣಿ ಯಾರು ಹಚ್ಚಿದ್ದು? ಆನೆ ಓಡ್ಬೇಕೋ, ನಿಮ್ಮಜ್ಜಿ ಓಡ್ಬೇಕೋ?"

ಥೇಟು ಮುಗೋವೆಯ ಗಂಟಲು. ಅಳುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ಝಕೇಯೊ ಆ ಮನೆತನದ ಸಾಹ್ವಿರಾ. ಅಜ್ಜಂದಿರ ಕಾಲದಿಂದ ಬಂದ ಗೆಳೆತನ. ಸಾವಿನ ಮನೆಯಲ್ಲಿ ಸತ್ತವನಂತೆ ನಟಿಸುವುದು, ಯಾರನ್ನು ಬೇಕಾದರೂ ಬೈಯುವುದು ಅವನ ಹಕ್ಕು. ಅದಕ್ಕೆ ಯಾರೂ ಸಿಟ್ಟಾಗುವಂತಿಲ್ಲ.

ಮುಗೋವೆ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಜಾಂಬೆಜಿ ನದಿ ದಂಡೆಯ ಈ ಊರಿಗೆ ಮರಳಿದವನು. ಝಕೇಯೊ ಮತ್ತು ಇನ್ನೈದು ಮಾಜಿ ಸೈನಿಕರನ್ನು ಕಟ್ಟಿಕೊಂಡು ಊರಿನ ಹುಡುಗ ಹುಡುಗಿಯರಿಗೆ ಕಾಡು ಕಾಯುವುದನ್ನು ಕಲಿಸಿದ. ಘಾಟು ಹೊಗೆಯಿಂದ ಆನೆ ಓಡಿಸಲು ಸಗಣಿಗೆ ಮೆಣಸಿನಪುಡಿ ಕಲಸಿ ಬೆರಣಿ ತಟ್ಟುವುದನ್ನೂ ಕವಾಯತಿನಂತೆಯೇ ಕಲಿಸಿದ್ದ.

ಮುಗೋವೆಯ ಮಗಳು ಶುವಾಯ್ ಮಾತ್ರ ನಗಲಿಲ್ಲ. ಕಾವಲು ಪಡೆಗೆ ಈಗ ಅವಳೇ ಮುಂದಾಳು. ಅವಳ ಕಣ್ಣು ದೂರದಲ್ಲಿ, ಆನೆದಾರಿಯ ಬಾಯಲ್ಲಿ ಬಿದ್ದಿದ್ದ ನೇಗಿಲ ಮೇಲಿತ್ತು. ಮುಗೋವೆ ತನ್ನ ಹೊಲದಲ್ಲಿ, ತಮ್ಮನ ಹೊಲಕ್ಕೆ ತಾಗಿದಂತೆ, ಆನೆಗಳು ನದಿಗಿಳಿಯಲೆಂದು ಬಿತ್ತದೆ ಬಿಟ್ಟಿದ್ದ ಪಟ್ಟಿಯೇ ಆ ದಾರಿ.

"ಚಿಕ್ಕಪ್ಪಾ, ಆ ನೇಗಿಲು ಅಲ್ಯಾಕಿದೆ?"

"ಮಣ್ಣು ಮಾಡಿ ಬರೋಣ ಕಣಮ್ಮ. ಆಮೇಲೆ ಮಾತು," ಎಂದ ಎನೋಕ. ಅಣ್ಣ ಹೋದ ಮೇಲೆ ಮನೆಗೆ ಹಿರಿಯ ಅವನೇ.

"ಆಮೇಲೆ ನೀವು ಉತ್ತಿರ್ತೀರಿ."

"ಮೂರು ಗಂಡುಮಕ್ಕಳು ನಂಗೆ. ಹದಿನಾಲ್ಕು ವರ್ಷ ನೆಲ ಪಾಳು ಬಿಟ್ಟಿದ್ದು ಅಣ್ಣನ ಹಟ. ಅವನ ಜೊತೆಗೇ ಹೋಗ್ಲಿ ಬಿಡು."

"ದಾರಿ ಮುಚ್ಚಿದ್ರೆ ಆನೆ ನಿಲ್ಲುತ್ತಾ? ಊರೋರ ಜೋಳಕ್ಕೆಲ್ಲಾ ನುಗ್ಗುತ್ತೆ. ಅವನ್ನ ಕೊಲ್ಲೋಕೆ ಹಿಂದೇನೇ ಕೋವಿ ಬರುತ್ತೆ. ನಾನು ಬಿಡಲ್ಲ, ಚಿಕ್ಕಪ್ಪಾ."

ಅಪ್ಪನನ್ನು ಆನೆದಾರಿಯ ಅಂಚಿನಲ್ಲಿ ಹೂಳೋಣವೆಂದು ಅವಳು ನಿನ್ನೆಯೇ ಕೇಳಿದ್ದಳು. ಗೋರಿಯಿದ್ದ ಕಡೆ ಈ ಊರಲ್ಲಿ ಯಾರೂ ನೇಗಿಲು ಹೂಡುವುದಿಲ್ಲ. ಅದು ಎನೋಕನಿಗೂ ಗೊತ್ತು. ಮೊದಲ ಗುದ್ದಲಿ ಹಾಕಿ ಜಾಗ ಗುರುತಿಸುವ ಹಕ್ಕು ಹಿರಿಯನಾದ ಅವನದಾದ್ದರಿಂದ ದೂರದ ಹುಣಸೆ ಮರದಡಿ ಗುಂಡಿ ತೋಡಿಸಿದ್ದ.

ಝಕೇಯೊ ಎಲ್ಲ ಕೇಳಿಸಿಕೊಂಡ. ಬೂಟು ಕಳಚಿ, ಹಳೆಯ ಗೆಳೆಯರೈವರ ಮುಖವನ್ನು ಒಮ್ಮೆ ನೋಡಿದ.

*

ಹದಿನಾಲ್ಕು ವರ್ಷದ ಹಿಂದೆ ಕಾಡಿನಲ್ಲಿ ತಂತಿಯ ಉರುಳು ಒಡ್ಡುತ್ತಿದ್ದವನನ್ನು ಮುಗೋವೆ ಹಿಡಿದಿದ್ದ. ನೋಡಿದರೆ ತಮ್ಮ.

"ಮಕ್ಕಳು ಮಾಂಸ ತಿಂದು ತಿಂಗಳಾಯ್ತು, ಅಣ್ಣಾ."

ಮುಗೋವೆ ಹೊಡೆಯಲಿಲ್ಲ, ಪೊಲೀಸರಿಗೂ ಒಪ್ಪಿಸಲಿಲ್ಲ. "ಎಷ್ಟು ಕಟ್ಟಿದೀಯೋ ಅಷ್ಟನ್ನೂ ನಿನ್ನ ಕೈಯಾರೆ ಬಿಚ್ಚು. ನಾನು ಜೊತೆಗಿರ್ತೀನಿ," ಎಂದ. ಇಡೀ ದಿನ ನಡೆದರು. ಕೊನೆಯ ಉರುಳಿನಲ್ಲಿ ಒಂದು ಮರಿಯಾನೆಯ ಹಿಂಗಾಲು ಸಿಕ್ಕಿತ್ತು. ತಂತಿ ಮೂಳೆಯವರೆಗೆ ಇಳಿದಿತ್ತು. ಬಿಡಿಸುವಷ್ಟರಲ್ಲಿ ಎನೋಕ ಮಗುವಿನಂತೆ ಅತ್ತ.

"ನಾವೇ ಇವುಗಳ ದಾರಿ ಮೇಲೆ ಬಿತ್ಕೊಂಡು ಕೂತಿದೀವಿ ಕಣೋ," ಎಂದ ಮುಗೋವೆ. ಆ ವರ್ಷವೇ ತನ್ನ ಹೊಲದ ಅಂಚಿನ ಪಟ್ಟಿ ಬಿಟ್ಟ. ಉರುಳಿನ ಮಾತನ್ನು ಮಾತ್ರ ಯಾರಿಗೂ, ಮಗಳಿಗೂ ಹೇಳಲಿಲ್ಲ.

*

ಆರು ಮಂದಿ ಮುದಿ ಸೈನಿಕರು ಶವಪೆಟ್ಟಿಗೆ ಹೊತ್ತು ನಡೆದರು. ಆನೆದಾರಿಯ ಬಾಯಿಗೆ ಬಂದದ್ದೇ ತಡ, ಆರೂ ಜನ ಒಟ್ಟಿಗೆ ನಿಂತುಬಿಟ್ಟರು.

"ಯಾಕ್ರೋ?" ಎಂದ ಎನೋಕ.

"ಭಾರ ಆಯ್ತು," ಎಂದ ಝಕೇಯೊ. "ಮುಂದಕ್ಕೆ ಬರ್ತಾ ಇಲ್ಲ ಇವ್ನು."

ಸತ್ತವನಿಗೆ ಜಾಗ ಒಪ್ಪಿಗೆಯಾಗದಿದ್ದರೆ ಪೆಟ್ಟಿಗೆ ಭಾರವಾಗುತ್ತದೆ. ಅದು ಊರಿಗೆಲ್ಲ ಗೊತ್ತು. ಈ ಆರು ಜನ ಹಸಿ ಸುಳ್ಳು ಹೇಳಬಲ್ಲರು ಎನ್ನುವುದೂ ಊರಿಗೆ ಗೊತ್ತು.

"ಅಣ್ಣ ಭಾರಾನೋ, ನಿನ್ನ ನಾಟಕ ಭಾರಾನೋ?"

"ನೀನೇ ಹೆಗಲು ಕೊಟ್ಟು ನೋಡಪ್ಪ."

ಎನೋಕ ಧುಮುಗುಡುತ್ತ ಬಂದು ಝಕೇಯೊನ ಜಾಗಕ್ಕೆ ಹೆಗಲು ಕೊಟ್ಟ. ಕಾಯಿಲೆಯಲ್ಲಿ ಸವೆದುಹೋಗಿದ್ದ ಅಣ್ಣ ಹತ್ತಿಯಷ್ಟು ಹಗುರವಾಗಿದ್ದ. ಒಂದು ಹೆಜ್ಜೆ ಇಟ್ಟರೆ ಸಾಕು, ನಾಟಕ ಬಯಲಾಗುತ್ತಿತ್ತು.

ಎನೋಕ ಕಾಲೆತ್ತಲೆಂದು ನೆಲ ನೋಡಿದ. ನಿನ್ನೆಯ ಮಳೆಗೆ ನೆನೆದ ಮಣ್ಣಲ್ಲಿ ಆನೆಗಳ ಹೆಜ್ಜೆ ಮೂಡಿದ್ದವು. ಒಂದರ ಹಿಂಗಾಲು ಮಾತ್ರ ಊರಿರಲಿಲ್ಲ. ನದಿಯವರೆಗೂ ಗೀರು ಎಳೆದುಕೊಂಡು ಹೋಗಿತ್ತು.

ಅವನು ಆ ಗೀರನ್ನು ನದಿಯವರೆಗೂ ಕಣ್ಣಲ್ಲೇ ಹಿಂಬಾಲಿಸಿದ.

"ಭಾರ ಇದೆ," ಎಂದ ಕೊನೆಗೆ. "ಇಳಿಸ್ರಿ." ಮಕ್ಕಳತ್ತ ತಿರುಗಿ, "ಹುಣಸೆ ಮರದ ಗುಂಡಿ ಮುಚ್ಚಿ ಬನ್ರೋ. ಬರ್ತಾ ಆ ನೇಗಿಲೂ ಮನೆಗೆ ಹೊತ್ಕೊಂಡು ಹೋಗಿ," ಎಂದ.

ಶುವಾಯ್ ಗುದ್ದಲಿ ತಂದುಕೊಟ್ಟಳು. ಎನೋಕ ಆನೆದಾರಿಯ ಅಂಚಿಗೆ ಬಂದು ನಿಂತ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ತನ್ನ ಹೊಲದೊಳಕ್ಕೆ ಬಂದ. ಮೊಣಕಾಲೆತ್ತರ ಬೆಳೆದಿದ್ದ ಜೋಳದ ಗಿಡ ನಾಲ್ಕನ್ನು ಕಿತ್ತು ಪಕ್ಕಕ್ಕಿಟ್ಟು, ಅಲ್ಲಿ ಮೊದಲ ಏಟು ಹಾಕಿದ.