ಹೆಸರಿಸಲಾಗದಷ್ಟು ಮಂದಿ

ಮಧ್ಯಾಹ್ನ ರೇಡಿಯೊದಲ್ಲಿ ತೀರಿಕೊಂಡವರ ಸುದ್ದಿ ಶುರುವಾಯಿತೆಂದರೆ ಆ ಸಣ್ಣ ದ್ವೀಪದ ಗ್ರಾನ್ ರವಿನ್ ಊರಿನಲ್ಲಿ ಚಮಚಗಳು ತಟ್ಟೆಗೆ ತಾಗುವುದಿಲ್ಲ. ಮಕ್ಕಳು ಕೂಡ ಬಾಯಲ್ಲಿದ್ದ ತುತ್ತನ್ನು ಕೆನ್ನೆಯೊಳಗೆ ಒತ್ತರಿಸಿಕೊಂಡು ಸುಮ್ಮನೆ ಕೂರುತ್ತವೆ. ಮೊದಲು ಇಗರ್ಜಿಯ ವಾದ್ಯದ ಅಳುಬುರುಕ ಸ್ವರ, ಆಮೇಲೆ ಸುದ್ದಿ ಓದುವ ಶರ್ಮೇನಳ ದನಿ. ಬೆಟ್ಟದ ಮೇಲಿನ ಮಂಜೇ ಕೆಳಗಿಳಿದು ಬಂದು ಒಂದೊಂದೇ ಹೆಸರು ಕರೆಯುತ್ತಿದೆಯೇನೋ ಅನ್ನಿಸುವ ದನಿ ಅದು. ಯಾರು ಹೋದರು, ಊರವರು ಅವರನ್ನು ಏನೆಂದು ಕರೆಯುತ್ತಿದ್ದರು, ಯಾರು ಯಾರನ್ನು ಅಗಲಿದರು, ಎಲ್ಲವೂ ಅದರಲ್ಲಿ ಬರುತ್ತದೆ.

ಆ ದಿನ ಮೀನುಗಾರ ಲುಬಿನ್, ಡೆಲ್ಫಿನಳ ಅಡುಗೆಮನೆಯಲ್ಲಿ ಕೆಸುವಿನೆಲೆಯ ಸಾರು ಮುಂದಿಟ್ಟುಕೊಂಡು ಕೂತಿದ್ದ. ಹೋದವನು ಅವನ ಡಾಮಿನೋ ಜೊತೆಗಾರ ಗುಸ್ತಾವ್. ತೊಂಬತ್ತು ದಾಟಿದ ಮುದುಕ, ರಾತ್ರಿ ಆಟ ಗೆದ್ದು, ಗೆದ್ದ ಖುಷಿಯಲ್ಲೇ ಮಲಗಿ, ಹಾಗೆಯೇ ಹೋಗಿಬಿಟ್ಟಿದ್ದ. ಅಂಥ ಸಾವಿಗೆ ಊರಿನಲ್ಲಿ ಅರ್ಧ ಜನ ಹೊಟ್ಟೆಕಿಚ್ಚೇ ಪಟ್ಟಿದ್ದರು.

"ಮೃತರು ನ್ಯೂಯಾರ್ಕಿನಲ್ಲಿರುವ ಮಗಳನ್ನು, ಟೊರಾಂಟೊದಲ್ಲಿರುವ ಸೋದರ ಸೊಸೆಯಂದಿರನ್ನು, ಸಂತ ಅನ್ನಮ್ಮನವರ ಗಾಯಕ ಮಂಡಳಿಯನ್ನು, ಉತ್ತರ ದಾರಿಯ ಬಸ್ ಚಾಲಕರನ್ನು, ಆಪ್ತ ಸ್ನೇಹಿತೆ ಆಲ್ಮಾರನ್ನು, ಹಾಗೂ ಹೆಸರಿಸಲಾಗದಷ್ಟು ಮಂದಿ ಬಂಧುಮಿತ್ರರನ್ನು ಅಗಲಿದ್ದಾರೆ" ಎಂದಳು ಶರ್ಮೇನ್.

ಡೆಲ್ಫಿನ್ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟಳು. "ಕೇಳಿಸ್ಕೊಂಡ್ಯಾ ಲುಬಿನ್? ಆ ಆಲ್ಮಾ ಇಷ್ಟು ವರ್ಷ ಅವನ ಊದಿದ ಕಾಲಿಗೆ ಎಣ್ಣೆ ತಿಕ್ಕಿದ್ದು ತಿಕ್ಕಿದ್ದೇ. ಈಗ ನೋಡು, ಬಸ್ ಡ್ರೈವರುಗಳಾದ ಮೇಲೆ ಅವಳ ಪಾಳಿ!"

ಲುಬಿನ್ ನಗಲಿಲ್ಲ. ಸಾರಿನಲ್ಲಿ ತೇಲುತ್ತಿದ್ದ ಹಿಟ್ಟಿನ ಉಂಡೆಯನ್ನು ಚಮಚದಿಂದ ಅತ್ತಿತ್ತ ದೂಡುತ್ತ, ಅವಳ ಅಡ್ಡಹೆಸರು ಹಿಡಿದು ಕೇಳಿದ. "ಫಿಫಿನ್, ನೀನು ಹೋದಾಗ ನನ್ನನ್ನ ಏನಂತ ಓದ್ತಾರೆ?"

"ನನ್ನನ್ಯಾಕೋ ಮೊದಲು ಕಳಿಸ್ತೀಯ? ಊಟ ಸೇರಲಿಲ್ವಾ?"

"ಹೇಳು ಮತ್ತೆ."

"ನನ್ನ ತಂಗಿ ಅಗಾತಾ ಬರ್ಕೊಡ್ತಾಳೆ. ಅವಳು ನಿನ್ನ ಹೆಸರು ಬರೀತಾಳೆ ಅಂದ್ಕೊಂಡ್ಯಾ? ನೀನು ಆ ಹೆಸರಿಸಲಾಗದಷ್ಟು ಮಂದೀಲಿ ಒಬ್ಬ ಬಿಡು." ಹಾಗೆಂದು ನಗುತ್ತ ಇನ್ನೊಂದು ಸೌಟು ಸಾರು ಹಾಕಿದಳು.

ಅವಳಿಗದು ತಮಾಷೆ. ಲುಬಿನ್ ಮಾತ್ರ ಆ ಸೌಟಿನ ಸಾರನ್ನು ಮುಟ್ಟದೆ ಎದ್ದ.

ಅವನ ಮನೆ ಕಡಲ ದಂಡೆಯಲ್ಲಿ, ಅವಳದು ದಿಬ್ಬದ ಮೇಲೆ. ಬೆಳಿಗ್ಗೆ ದೋಣಿ ದಡಕ್ಕೆ ಬಂದಾಗ ಅವನು ಶಂಖ ಊದುತ್ತಾನೆ, ಊರವರು ಮೀನಿಗೆ ಓಡುತ್ತಾರೆ, ಒಳ್ಳೆಯ ಮೀನು ಮಾತ್ರ ಯಾರ ಕೈಗೂ ಸಿಗದೆ ದಿಬ್ಬ ಹತ್ತುತ್ತದೆ. ಶನಿವಾರ ಬೆಳಗಾಗುವ ಮೊದಲು ಅವಳ ಕೆಸುವಿನ ಗೆಡ್ಡೆ, ಸೀಮೆಬದನೆಯ ಬುಟ್ಟಿಗಳನ್ನು ಹೊತ್ತು ರೋಸೋ ಪೇಟೆಯ ಬಸ್ಸಿಗೆ ಏರಿಸುವವನೂ ಅವನೇ. ಮದುವೆಯಾಗೋಣ ಎಂದು ಆಗಾಗ ಕೇಳಿದ್ದ. ಅವಳು ಒಪ್ಪಿರಲಿಲ್ಲ. ಎಂದೋ ಒಂದು ಕಾಲದಲ್ಲಿ ಅವಳಿಗೆ ಗಂಡನೊಬ್ಬನಿದ್ದ. ರೇಡಿಯೊದ ತಿರುಗಣೆ ಯಾವ ಕಡೆ ತಿರುಗಬೇಕು ಎನ್ನುವುದನ್ನೂ ತಾನೇ ನಿರ್ಧರಿಸುತ್ತಿದ್ದ ಮನುಷ್ಯ. ಅವನು ಇನ್ನೊಬ್ಬಳ ಜೊತೆ ಬೇರೆ ದ್ವೀಪಕ್ಕೆ ಹೋದ ದಿನ ಡೆಲ್ಫಿನ್ ರೇಡಿಯೊವನ್ನು ತನಗೆ ಬೇಕಾದ ಕಡೆ ತಿರುಗಿಸಿ, ಮನೆಯೆಲ್ಲ ಕುಣಿದಾಡಿದ್ದಳಂತೆ. "ನಿನಗೊಂದು ಸೂರಿದೆ, ನನಗೊಂದು ಸೂರಿದೆ, ಸಾರು ಇಲ್ಲಿದೆ. ಇನ್ನೇನು ಕಮ್ಮಿಯಾಗಿದೆ ನಿನಗೆ?" ಎನ್ನುತ್ತಿದ್ದಳು.

ಏನೂ ಕಮ್ಮಿಯಾಗಿರಲಿಲ್ಲ, ಗುಸ್ತಾವ್ ಸಾಯುವವರೆಗೂ.

ಮರುದಿನ ಲುಬಿನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಳೆಲೆಯಲ್ಲಿ ಎರಡು ಕೆಂಪು ಮೀನು ಸುತ್ತಿಕೊಂಡು, ರೋಸೋದ ರೇಡಿಯೊ ಕಚೇರಿಗೆ ಹೋದ. ಶರ್ಮೇನ್ ಅವನ ದಿವಂಗತ ಅಕ್ಕನ ಸೊಸೆ. ಆಕಾಶದಿಂದ ದುಃಖ ಸುರಿಸುವ ಆ ದನಿಯ ಒಡತಿ ಮೇಜಿನ ಮೇಲೆ ಕಾಲು ಚಾಚಿ, ಕರಿದ ಬಾಳೆಕಾಯಿ ಮೆಲ್ಲುತ್ತಿದ್ದಳು.

"ಏನ್ ಲುಬಿನ್ ಮಾವ, ಯಾರು ಹೋದ್ರು?"

"ಯಾರೂ ಹೋಗಿಲ್ಲಮ್ಮ. ಹೋಗೋಕ್ಮುಂಚೆ ಒಂದು ಏರ್ಪಾಡು ಮಾಡೋಣ ಅಂತ." ಮೀನಿನ ಪೊಟ್ಟಣವನ್ನು ಮೆಲ್ಲಗೆ ಅವಳ ಕಡೆ ತಳ್ಳಿ, ಡೆಲ್ಫಿನಳ ಸುದ್ದಿಯಲ್ಲಿ ತನ್ನ ಹೆಸರು ಬರಬೇಕಾದ ವಿಷಯ ಹೇಳಿದ.

ಶರ್ಮೇನ್ ನಗು ತಡೆಯಲು ಬಾಳೆಕಾಯಿ ಇಡೀ ಬಾಯಿಗೆ ತುರುಕಿಕೊಂಡಳು. ನುಂಗಿದ ಮೇಲೆ ಹೇಳಿದಳು. "ಮಾವ, ಮನೆಯವರು ತಂದುಕೊಟ್ಟಿದ್ದನ್ನ ನಾವು ಓದ್ತೀವಿ. ಒಂದಕ್ಷರ ಈ ಕಡೆ ಆ ಕಡೆ ಆದ್ರೆ ನನ್ನ ಜುಟ್ಟು ಹಿಡಿದು ಬೀದೀಲಿ ಎಳೀತಾರೆ. ಹೋದ ತಿಂಗಳು ಒಬ್ಬ ಮೊಮ್ಮಗನ್ನ ಬಿಟ್ಟುಬಿಟ್ಟೆ, ಅವರಜ್ಜಿ ಛತ್ರಿ ಹಿಡ್ಕೊಂಡು ಬಂದಿದ್ರು ಇಲ್ಲಿಗೆ. ನೀವು ಏನು ಅನ್ನೋದು ಮಾ ಡೆಲ್ಫಿನ್ ಬಾಯಿಂದಲೇ ಬರಬೇಕು. ಅದನ್ನ ನೀವೇ ಬರಿಸ್ಕೋಬೇಕು."

"ಅವಳ ಬಾಯಿಂದ ನಾನು ಬರಿಸೋದಾ? ಕಲ್ಲು ಹಿಂಡಿ ಹಾಲು ತೆಗೀಬಹುದು ಅದಕ್ಕಿಂತ."

ಮೀನನ್ನು ಮಾತ್ರ ಶರ್ಮೇನ್ ವಾಪಸು ಕೊಡಲಿಲ್ಲ.

ಶನಿವಾರ ಬಂತು. ಬುಟ್ಟಿಗಳನ್ನು ಬಸ್ಸಿಗೇರಿಸಿ, ಡೆಲ್ಫಿನಳಿಗೆ ಕೈಬೀಸಿ, ಲುಬಿನ್ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಶನಿವಾರ ಬೆಳಿಗ್ಗೆ ಶರ್ಮೇನಳದೇ ಶುಭಾಶಯದ ಕಾರ್ಯಕ್ರಮ. ಯಾರು ಬೇಕಾದರೂ ಫೋನು ಮಾಡಿ ಯಾರಿಗೆ ಬೇಕಾದರೂ ನಾಲ್ಕು ಒಳ್ಳೆಯ ಮಾತು ಹೇಳಬಹುದು. ಪೇಟೆಯಲ್ಲಿ ಒಂದೊಂದು ಅಂಗಡಿಗೂ ಒಂದೊಂದು ರೇಡಿಯೊ. ನೂರು ಜನರ ಮುಂದೆ ಒಂದು ಸಿಹಿಮಾತು ಕೇಳಿದರೆ ಅವಳ ಮನಸ್ಸು ಕರಗೀತು, ಕರಗಿದ ಹೊತ್ತಿನಲ್ಲಿ ತನ್ನ ಹೆಸರು ಬರೆಸೆಂದು ಕೇಳಿದರೆ ಒಪ್ಪಿಯಾಳು ಎಂದು ಅವನ ಲೆಕ್ಕಾಚಾರ. ಹೇಳಬೇಕಾದ ಮಾತುಗಳನ್ನು ಮೀನುಗಳಿಗೆ ಮೂರು ದಿನ ಒಪ್ಪಿಸಿದ್ದ.

"ಹಲೋ, ಯಾರು? ನಿಮ್ಮ ರೇಡಿಯೊ ಸಣ್ಣಗೆ ಮಾಡಿ!"

ಅವನು ಗಡಿಬಿಡಿಯಿಂದ ರೇಡಿಯೊ ಸಣ್ಣ ಮಾಡಿದ. "ನಾನು ಲುಬಿನ್, ಗ್ರಾನ್ ರವಿನ್. ಪೇಟೆಯ ಕಬ್ಬಿಣದ ಗೇಟಿನ ಪಕ್ಕ ಕೂತಿರೋ ಡೆಲ್ಫಿನ್‌ಗೆ ನನ್ನ ನಮಸ್ಕಾರ. ಇಡೀ ಪೇಟೇಲಿ ಅವಳ ಗೆಡ್ಡೆಯಷ್ಟು ಬೇಗ ಬೇಯೋ ಗೆಡ್ಡೆ ಇನ್ನೊಂದಿಲ್ಲ."

"ಆಹಾ, ಎಂಥ ಮಾತು! ಮಾ ಡೆಲ್ಫಿನ್, ಕೇಳಿಸ್ತಾ?" ಶರ್ಮೇನಳ ದನಿಯಲ್ಲಿ ತುಂಟತನ ತುಳುಕಿತು. "ಅಂದಹಾಗೆ, ನೀವು ಅವರಿಗೆ ಏನಾಗ್ಬೇಕು?"

ಮೀನುಗಳು ಲುಬಿನ್‌ನನ್ನು ಇದನ್ನೆಂದೂ ಕೇಳಿರಲಿಲ್ಲ. ಸ್ನೇಹಿತ ಎನ್ನೋಣವೆಂದರೆ ಆಲ್ಮಾ ನೆನಪಾದಳು. ಗಂಡ ಎಂದರೆ ಸುಳ್ಳಾಗುತ್ತದೆ, ಪಾದ್ರಿಗಳೂ ಕೇಳುತ್ತಿರುತ್ತಾರೆ. ರೇಡಿಯೊದಲ್ಲಿ ಮೌನ ಬೆಳೆಯಿತು. ಇಡೀ ದ್ವೀಪ ಕಿವಿಗೊಟ್ಟು ನಿಂತಂಥ ಮೌನ.

"ಪಕ್ಕದ್... ಪಕ್ಕದ್ಮನೆಯೋನು" ಎಂದವನೇ ಫೋನು ಕುಕ್ಕಿಬಿಟ್ಟ.

ಮಾಡಿದ್ದು ಎಂಥ ಎಡವಟ್ಟೆಂದು ಹೊಳೆದದ್ದು ರೇಡಿಯೊ ಮತ್ತೆ ಜೋರು ಮಾಡಿದಾಗ. ಆಗಲೇ ಗ್ರಾನ್ ರವಿನ್‌ನ ದರ್ಜಿ ಹೆಂಗಸು ಮಾತಾಡುತ್ತಿದ್ದಳು.

"ಪಕ್ಕದ್ಮನೆಯೋನಂತೆ! ದೊಡ್ಡ ಬಿರುಗಾಳಿ ಬಂದಾಗಿನಿಂದ ಅವಳ ಹಗ್ಗದ ಮೇಲೆ ಒಣಗ್ತಿರೋ ಪ್ಯಾಂಟು ಯಾರದಮ್ಮ ಹಾಗಾದ್ರೆ? ಅದಕ್ಕೆ ತೇಪೆ ಹಾಕೋಳು ನಾನು, ನನಗ್ಗೊತ್ತಿಲ್ವಾ?"

ಆಮೇಲೆ ಬಸ್ ಚಾಲಕನೊಬ್ಬ. "ತಿರುವು ದಾಟಿದ್ರೆ ರೇಡಿಯೊ ಹಿಡಿಯಲ್ಲ, ಅದಕ್ಕೇ ಬಸ್ ನಿಲ್ಲಿಸ್ಕೊಂಡಿದೀನಿ. ಯಾರೂ ಇಳೀತಿಲ್ಲ. ಬೇಗ ಇತ್ಯರ್ಥ ಮಾಡಿ!"

ಆಮೇಲೆ ಅಗಾತಾ. ಅವಳ ದನಿ ಕೇಳುತ್ತಲೇ ಲುಬಿನ್ ಎದ್ದು ನಿಂತ.

"ನಾನು ಡೆಲ್ಫಿನ್ ತಂಗಿ. ಆ ಮನುಷ್ಯ ನಮಗೆ ಏನೂ ಆಗಬೇಕಿಲ್ಲ. ನಮ್ಮಕ್ಕನ ಮನೇಲಿ ಸಾರು ಕುಡೀತಾನೆ, ಅಷ್ಟೆ. ಅವನೇ ಬಾಯಾರೆ ಹೇಳಿದ್ನಲ್ಲ, ಪಕ್ಕದ್ಮನೆಯೋನು ಅಂತ? ಮುಗೀತು."

ಮುಗಿಯಿತು, ಎಂದುಕೊಂಡ ಲುಬಿನ್. ಅಗಾತಾ ಬರೆಯಬೇಕಾದದ್ದನ್ನು ತಾನೇ ಅವಳ ಕೈಗೆ ಇಟ್ಟಂತಾಗಿತ್ತು. ರೇಡಿಯೊ ಆರಿಸಲು ಕೈ ಚಾಚಿದ. ಅಷ್ಟರಲ್ಲಿ ಸಂತೆಯ ಗಲಾಟೆಯನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಒಂದು ದನಿ ಒಳನುಗ್ಗಿತು.

"ಹಲೋ! ಶರ್ಮೇನ್!"

"ಅಮ್ಮಾ, ರೇಡಿಯೊ ಸಣ್ಣಗೆ ಮಾಡಿ, ದನಿ ಮಾರ್ದನಿಯಾಗ್ತಿದೆ!"

"ಇಡೀ ಪೇಟೆಯೇ ರೇಡಿಯೊ ಹಾಕ್ಕೊಂಡು ಕೂತಿದೆ ಕಣೇ, ಯಾವ್ದು ಅಂತ ಸಣ್ಣ ಮಾಡ್ಲಿ? ನಾನು ಡೆಲ್ಫಿನ್. ಇದು ಮೆಣಸಿನಕಾಯಿಯವಳ ಫೋನು, ಅವಳ ದುಡ್ಡು ಹೋಗ್ತಿದೆ, ಬೇಗ ಬರ್ಕೋ."

"ಏನು ಬರ್ಕೊಳ್ಳಲಿ ಮಾ?"

"ನನ್ನ ಸಾವಿನ ಸುದ್ದಿ."

"ಅಯ್ಯೋ, ಬಿಡ್ತು ಅನ್ನಿ!"

"ಯಾಕೆ ಕಿರಚ್ತೀಯ? ಇವತ್ತೇನೂ ಹೋಗಲ್ಲ, ಇನ್ನೂ ಅರ್ಧ ಬುಟ್ಟಿ ಗೆಡ್ಡೆ ಮಾರೋದಿದೆ. ಬರಿ. ಗ್ರಾನ್ ರವಿನ್‌ನ ಡೆಲ್ಫಿನ್, ಊರವರ ಬಾಯಲ್ಲಿ ಮಾ ಫಿಫಿನ್. ಅಗಲಿದ್ದು ಯಾರ್ಯಾರನ್ನ? ಮೊದಲು ಲುಬಿನ್."

ಪೇಟೆಯಲ್ಲಿ ಯಾರೋ ಶಿಳ್ಳೆ ಹಾಕಿದ್ದು ಲುಬಿನ್‌ನ ಮನೆಯವರೆಗೂ ಕೇಳಿಸಿತು.

"ಏನಂತ ಹಾಕ್ಲಿ ಮಾ? ಸ್ನೇಹಿತ ಅಂತಲಾ, ಗಂಡ ಅಂತಲಾ?"

ಈ ಸಲದ ಮೌನ ಡೆಲ್ಫಿನಳದು. ಲುಬಿನ್ ರೇಡಿಯೊದ ಮೇಲೆ ಎರಡೂ ಕೈಯಿಟ್ಟುಕೊಂಡು ನಿಂತ, ಅದು ಹಾರಿಹೋಗಿಬಿಟ್ಟೀತು ಎನ್ನುವವನ ಹಾಗೆ.

"ಗಂಡನ್ನ ಒಂದ್ಸಲ ನೋಡಿದೀನಿ, ಸಾಕು. ಸ್ನೇಹಿತೆ ಅಂತ ಹಾಕಿ ಆಲ್ಮಾನ ಏನು ಮಾಡಿದ್ರೋ ಅದನ್ನೂ ಕೇಳಿದೀನಿ. 'ಅವಳ ಲುಬಿನ್' ಅಂತ ಹಾಕು. ಮುಂದೂ ಏನಿಲ್ಲ, ಹಿಂದೂ ಏನಿಲ್ಲ. ಅರ್ಥವಾಗದೋರು ಬೇರೆ ದ್ವೀಪದೋರು ಅಂತ ತಿಳ್ಕೋ. ಆಮೇಲೆ ಗಾಯಕ ಮಂಡಳಿ. ಆಮೇಲೆ ಅಗಾತಾ, ನೆಟ್ಟಗಿದ್ರೆ. ಆಮೇಲೆ ಲಂಡನ್ನಿನ ಅಣ್ಣನ ಮಗ. ಉಳಿದೋರು ಹೆಸರಿಸಲಾಗದಷ್ಟು ಮಂದಿ. ಹೂಂ, ಇಡ್ತೀನಿ, ಗಿರಾಕಿ ಬಂದ್ರು."

ಲುಬಿನ್ ಹೊರಗೆ ಬಂದ. ಕಡಲು ಎಂದಿನ ಹಾಗೇ ಇತ್ತು. ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದವರು ಅವನನ್ನು ನೋಡಿ, "ಓಹೋ, ಅವಳ ಲುಬಿನ್ ಬಂದ!" ಎಂದು ಕೂಗಿದರು. ಅವನು ದೋಣಿಯಿಂದ ಶಂಖ ಎತ್ತಿಕೊಂಡು ಕೆನ್ನೆ ಉಬ್ಬುವಷ್ಟು ಊದಿದ. ಮೀನು ಬಂತೆಂದು ಮೂರು ಹೆಂಗಸರು ತಟ್ಟೆ ಹಿಡಿದು ಓಡಿಬಂದರು. ಮೀನಿಲ್ಲವೆಂದು ತಿಳಿದು, ಅವನಿಗೆ ಚೆನ್ನಾಗಿ ಬೈದು, ನಗುತ್ತಾ ವಾಪಸಾದರು.

ಮಧ್ಯಾಹ್ನದ ಬಸ್ಸಿನಿಂದ ಡೆಲ್ಫಿನ್ ಖಾಲಿ ಬುಟ್ಟಿಗಳೊಂದಿಗೆ ಇಳಿದಳು. ಮುಖ ಗಂಟು ಹಾಕಿಕೊಂಡಿದ್ದಳು, ತುಟಿಯ ಒಂದು ಮೂಲೆ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

"ಪಕ್ಕದ್ಮನೆಯೋನಾ?"

"ಹೆದರ್ಕೊಂಡುಬಿಟ್ಟೆ ಕಣೇ."

"ಶಾರ್ಕಿಗೂ ಹೆದರದೋನು ಶರ್ಮೇನ್‌ಗೆ ಹೆದರಿಬಿಟ್ಟೆ. ತಗೋ, ಬುಟ್ಟಿ ಹಿಡ್ಕೋ."

ಅಡುಗೆಮನೆಯಲ್ಲಿ ರೇಡಿಯೊ ಇನ್ನೂ ಅದೇ ರಾಮಾಯಣ ನಡೆಸಿತ್ತು. ತೀರಿಕೊಂಡವರ ಸುದ್ದಿ ಓದಬೇಕಾದ ಹೊತ್ತು ಮೀರಿ ಹೋಗಿದ್ದರೂ ಫೋನುಗಳು ನಿಂತಿರಲಿಲ್ಲ. ಲಂಡನ್ನಿನ ಅಣ್ಣನ ಮಗ ಅಲ್ಲಿಂದಲೇ ಫೋನು ಮಾಡಿ, ರಕ್ತಸಂಬಂಧಿ ತಾನು, ಹಾಡುವವರಿಗಿಂತ ಹಿಂದೆ ಹೇಗಾದೆ ಎಂದು ಗೋಳಾಡುತ್ತಿದ್ದ. ಅಗಾತಾ ತಾನು ಹುಟ್ಟಿದಾಗಿನಿಂದ ನೆಟ್ಟಗೇ ಇದ್ದೇನೆಂದು ಊರಿಗೆಲ್ಲ ಸಾರುತ್ತಿದ್ದಳು. ಆಲ್ಮಾ ಕೂಡ ಮಾತಾಡಿದ್ದಳಂತೆ. ಗುಸ್ತಾವನ ಸುದ್ದಿಯನ್ನು ಮತ್ತೊಮ್ಮೆ ಓದಬೇಕು, ಈ ಸಲ ತನಗೆ ಬೇಕಾದ ಹಾಗೆ, ಖರ್ಚು ತನ್ನದೇ ಎಂದಳಂತೆ.

ಡೆಲ್ಫಿನ್ ಹುರಿದ ದೀವಿಹಲಸನ್ನು ಸೀಳಿ, ಉಪ್ಪುಮೀನಿನ ಜೊತೆ ಅವನ ತಟ್ಟೆಗೆ ಹಾಕಿದಳು. ಲುಬಿನ್ ಮುಟ್ಟಲಿಲ್ಲ.

"ಫಿಫಿನ್, ಅದನ್ನ ಇನ್ನೊಂದ್ಸಲ ಹೇಳು. ಏನಂತ ಹಾಕು ಅಂದೆ?"

"ಒಂದ್ಸಲ ಹೇಳಾಯ್ತಲ್ಲ, ದೇಶಕ್ಕೇ ಕೇಳಿಸೋ ಹಾಗೆ. ಇನ್ನೊಂದ್ಸಲ ಬೇಕಾದ್ರೆ ಕಾಯಿ. ನಾನು ಸತ್ತಾಗ ಶರ್ಮೇನ್ ಓದ್ತಾಳೆ, ಆಗ ಕೇಳಿಸ್ಕೋ."

ಲುಬಿನ್ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ಹಾಗಾದ್ರೆ ಬೇಡ ಬಿಡು" ಎಂದ. "ನನಗೆ ಒಂದ್ಸಲ ಕೇಳಿದ್ದೇ ಸಾಕು."

ಡೆಲ್ಫಿನ್ ತಿರುಗಿ ನೋಡಲಿಲ್ಲ. ಒಲೆಯ ಕಡೆಗೇ ಮುಖ ಮಾಡಿಕೊಂಡು ತುಂಬ ಹೊತ್ತು ಏನನ್ನೋ ಕದಡುತ್ತಿದ್ದಳು.