ಹಲೋ ಆಂಟಿಯ ಗುರುವಾರ

ಆ ಭಾನುವಾರ ಚರ್ಚಿನಲ್ಲಿ ಹಲೋ ಆಂಟಿ ಎರಡನೇ ಸಾಲಿನಲ್ಲಿ ಹೋಗಿ ಕೂತರು. ಯಾವಾಗಲೂ ಬಾಗಿಲ ಹತ್ತಿರ, ಫ್ಯಾನಿನ ಕೆಳಗೆ ಕೂರುವವರು. ಇವತ್ತು ಎದ್ದು ನಿಂತರೆ ಎಲ್ಲರಿಗೂ ಕಾಣಬೇಕಲ್ಲ, ಅದಕ್ಕೆ.

ವರ್ಷಕ್ಕೊಂದು ಭಾನುವಾರ ಆ ಸಭೆಯಲ್ಲಿ ಪಾಸ್ಟರ ಉಪದೇಶದ ಪ್ರಸಂಗ ಇರುವುದಿಲ್ಲ. ಪಾಸ್ಟರು ವೇದಿಕೆಯಿಂದ ಇಳಿದು ಜನರ ನಡುವೆ ಕೂರುತ್ತಾರೆ. ಜನ ಒಬ್ಬೊಬ್ಬರಾಗಿ ಎದ್ದು, ಈ ವರ್ಷ ಯಾರ ಸೇವೆ ಮಾಡುವ ಅವಕಾಶ ತಮಗೆ ಸಿಕ್ಕಿತು ಅಂತ ಹೇಳುತ್ತಾರೆ. ಹೆಸರು ಮಾತ್ರ ಹೇಳುವ ಹಾಗಿಲ್ಲ. ಸಹಾಯ ಪಡೆದವರು ತಲೆ ತಗ್ಗಿಸುವ ಹಾಗೆ ಆಗಬಾರದು ಅನ್ನುವುದು ಪಾಸ್ಟರ ನಿಯಮ.

ಇಷ್ಟು ವರ್ಷ ಆ ದಿನ ಬಂತೆಂದರೆ ಆಂಟಿಗೆ ಮೈಯೆಲ್ಲ ಉರಿ. ಹೇಳಲಿಕ್ಕೆ ಏನಾದರೂ ಇದ್ದರೆ ತಾನೇ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ "ಹಲೋ, ಹಲೋ" ಅನ್ನುತ್ತಲೇ ತಲೆ ನರೆಸಿಕೊಂಡ ಹೆಂಗಸು, ಕೈಕಾಲು ಗಟ್ಟಿ, ಬಾಯಂತೂ ಕೇಳಲೇಬೇಡಿ. ಆದರೂ ಸಭೆಯಲ್ಲಿ ಎಲ್ಲಿ ಕೈ ಹಾಕಿದರೂ ನಯವಾಗಿ ಎತ್ತಿ ಬದಿಗಿಟ್ಟರು. ಗಾಯನ ತಂಡಕ್ಕೆ ಹೋದರೆ, "ಆಂಟಿ, ನೀವು ಕೂತು ಕೇಳಿದ್ರೆ ನಮಗೊಂದು ಧೈರ್ಯ" ಅಂದರು. ಹೂ ಜೋಡಿಸಲು ಹೋದರೆ ಆ ಕೆಲಸಕ್ಕೆ ಅಕ್ಕತಂಗಿಯರಿಬ್ಬರು ಹೂದಾನಿಗೇ ಅಂಟಿಕೊಂಡಿದ್ದರು. ಮಕ್ಕಳಿಗೆ ಪಾಠ ಹೇಳಲು ಬಿಟ್ಟರು, ಒಂದೇ ಒಂದು ಸಲ. ನೋಹನ ಹಡಗು ನೀರಿಗಿಳಿಯುವ ಮೊದಲೇ ಆಂಟಿಯ ಮಾತು ಎಕ್ಸ್‌ಚೇಂಜಿಗೆ ಹೋಗಿತ್ತು, ಪ್ರಾಣಿಗಳೆಲ್ಲ ದಡದಲ್ಲೇ ಉಳಿದವು.

ಕೊನೆಗೆ ದಾರಿ ತೋರಿಸಿದವರು ಪಾಸ್ಟರ ಹೆಂಡತಿ. ಎಲ್ಲರೂ ಅವರನ್ನು ಪಾಸ್ಟರಮ್ಮ ಅನ್ನುತ್ತಿದ್ದರು. "ರಕ್ತ ಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡೋ ಒಂದು ಹುಡುಗಿ ಹೊಸದಾಗಿ ಬರ್ತಿದ್ದಾಳೆ ನೋಡಿ. ಈ ಊರಲ್ಲಿ ಅವಳಿಗೆ ಯಾರೂ ಇಲ್ಲ. ವಾರಕ್ಕೊಂದು ದಿನ ಕರೆದು ಊಟ ಹಾಕ್ತೀರಾ?" ಅಂದಿದ್ದರು.

ಹಾಕುತ್ತೀರಾ ಅಂತ ಕೇಳಬೇಕೆ? ಅಂದಿನಿಂದ ಪ್ರತಿ ಗುರುವಾರ ಸಂಜೆ ಹುಡುಗಿ ಬರುತ್ತಿದ್ದಳು. ಆಂಟಿ ಬಾಗಿಲು ತೆಗೆಯುತ್ತಲೇ "ಊಟ ಆಯ್ತಾ?" ಅನ್ನುತ್ತಿದ್ದರು. "ಇಲ್ಲ ಆಂಟಿ" ಅನ್ನುತ್ತಿದ್ದಳು. ಪಾಪ, ಬಡಕಲು ದೇಹ, ಕೈಯಲ್ಲಿ ಸ್ಪಿರಿಟ್ಟಿನ ವಾಸನೆ. ಡಾಕ್ಟರು ರಾತ್ರಿ ಊಟ ಬಿಡಿ ಅಂದಿದ್ದರೂ, ಹುಡುಗಿಗೆ ಒಂಟಿಯಾಗಿ ಉಣ್ಣಲು ಸಂಕೋಚ ಆದೀತೆಂದು ಆಂಟಿ ತಾವೂ ಎದುರಿಗೆ ತಟ್ಟೆ ಇಟ್ಟುಕೊಳ್ಳುತ್ತಿದ್ದರು. ಆ ರಾತ್ರಿಯೆಲ್ಲ ಎದೆಯುರಿ. ಸೇವೆ ಅಂದರೆ ಅಷ್ಟೂ ಇಲ್ಲದಿದ್ದರೆ ಹೇಗೆ ಅಂತ ನುಂಗಿಕೊಳ್ಳುತ್ತಿದ್ದರು.

ಹೀಗೆ ಈ ವರ್ಷ ಹಲೋ ಆಂಟಿಯ ಬಳಿಯೂ ಹೇಳಲು ಒಂದಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡೂ ಬಂದಿದ್ದರು.

ಅವರಿಗಿಂತ ಮೊದಲು ಮುಂದಿನ ಸಾಲಿನಲ್ಲಿ ಲ್ಯಾಬಿನ ಹುಡುಗಿಯೇ ಎದ್ದಳು. ಆಂಟಿಗೆ ಹಿಗ್ಗೋ ಹಿಗ್ಗು. ನಮ್ಮ ಹುಡುಗಿ, ಎಷ್ಟು ಬೇಗ ಚೇತರಿಸಿಕೊಂಡಳು ಅಂದುಕೊಂಡರು.

"ನಾನು ಒಬ್ಬರು ವಯಸ್ಸಾದವರ ಮನೆಗೆ ಹೋಗ್ತೀನಿ" ಅಂತ ಹುಡುಗಿ ಮೆಲ್ಲಗೆ ಶುರು ಮಾಡಿದಳು. "ಅವರಿಗೆ ಯಾರೂ ಇಲ್ಲ. ಮಾತಾಡೋಕೆ ಒಂದು ಜೀವ ಬೇಕು ಅಷ್ಟೆ."

ಅಯ್ಯೋ ಪಾಪ, ಯಾರಪ್ಪಾ ಅದು ಅಂತ ಆಂಟಿಯ ಕರುಳು ಚುರುಕ್ ಅಂದಿತು. ಸಭೆಯಲ್ಲಿದ್ದ ಮುದುಕಿಯರನ್ನೆಲ್ಲ ಕಣ್ಣಲ್ಲೇ ಒಮ್ಮೆ ಎಣಿಸಿಬಿಟ್ಟರು.

"ನಾನು ಕ್ಯಾಂಟೀನಲ್ಲಿ ಊಟ ಮುಗಿಸಿಯೇ ಹೋಗಿರ್ತೀನಿ. ಆದ್ರೆ ಅವರು ಅಷ್ಟು ಆಸೆಯಿಂದ ಬಡಿಸಿದಾಗ ಬೇಡ ಅನ್ನೋಕಾಗಲ್ಲ. ಎರಡನೇ ಸಲ ಊಟ ಮಾಡ್ತೀನಿ. ಒಂದು ಹಳೇ ಫೋನ್ ಕಥೆ ಇದೆ ಅವರದ್ದು. ಪ್ರತಿ ವಾರ ಅದನ್ನೇ ಹೇಳ್ತಾರೆ. ನಾನೂ ಪ್ರತಿ ವಾರ ಹೊಸದಾಗಿ ಕೇಳಿದ ಹಾಗೆ ಕೇಳ್ತೀನಿ."

ಸಭೆ ಸಣ್ಣಗೆ ನಕ್ಕಿತು, ಪ್ರೀತಿಯಿಂದಲೇ. ಹಲೋ ಆಂಟಿಗೆ ಕೂತ ಕುರ್ಚಿ ಕೆಳಗಿನಿಂದ ಯಾರೋ ಎಳೆದುಕೊಂಡ ಹಾಗಾಯಿತು. ಯಾರೂ ಇಲ್ಲದ ಮುದುಕಿ. ಆಸೆಯಿಂದ ಬಡಿಸುವ ಮುದುಕಿ. ಒಂದೇ ಕಥೆ ಹೇಳುವ ಮುದುಕಿ. ಅದು ತಾವೇ.

"ಮುಂದೆ ಆಂಟಿ" ಅಂತ ಪಾಸ್ಟರು ಈ ಕಡೆ ತಿರುಗಿ ನಕ್ಕರು.

ಆಂಟಿ ಎದ್ದರು. ಬಾಯಿ ತೆರೆದರು. ಒಂದು ಅಕ್ಷರ ಹೊರಡಲಿಲ್ಲ. ಮುಂದಿನ ಸಾಲಿನ ಹುಡುಗಿ ತಿರುಗಿ ನೋಡಿದಳು. ಆಂಟಿ ಇಲ್ಲೇ ಹಿಂದೆ ಕೂತಿದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ನನ್ನದೇನೂ ಇಲ್ಲ" ಅಂದು ಆಂಟಿ ಕೂತರು. ಹಲೋ ಆಂಟಿಗೆ ಮಾತು ಸಿಗದೆ ಹೋದದ್ದನ್ನು ಆ ಸಭೆ ಅದೇ ಮೊದಲ ಸಲ ಕಂಡಿತು.

ಆರಾಧನೆ ಮುಗಿದದ್ದೇ ತಡ, ಆಂಟಿ ನೇರ ಹಿಂದಿನ ಅಡುಗೆಕೋಣೆಗೆ ನುಗ್ಗಿದರು. ಪಾಸ್ಟರಮ್ಮ ಚಹಾದ ಕಪ್ಪುಗಳನ್ನು ಟ್ರೇಗೆ ಜೋಡಿಸುತ್ತಿದ್ದರು.

"ಅವಳನ್ನ ನನ್ನ ಮನೆಗೆ ಕಳಿಸಿದ್ದು ನೀವೇನಾ?"

ಪಾಸ್ಟರಮ್ಮನ ಕೈ ನಿಂತಿತು. "ಸೇವೆಗೆ ಏನಾದ್ರೂ ಅವಕಾಶ ಇದ್ಯಾ ಅಂತ ಅವಳೂ ಕೇಳಿದ್ಲು ಆಂಟಿ. ನೀವೂ ಕೇಳ್ತಿದ್ರಿ. ನನಗೆ ತೋಚಿದ್ದು ಮಾಡಿದೆ."

"ಅವಳಿಗೆ ಏನಂತ ಹೇಳಿದ್ರಿ? ಮುದುಕಿಗೆ ದಿಕ್ಕಿಲ್ಲ ಅಂತಲಾ?"

"ಒಬ್ಬರೇ ಇದ್ದಾರೆ ಅಂದೆ. ನಿಮಗೂ ಅವಳ ಬಗ್ಗೆ ಅದನ್ನೇ ತಾನೇ ಹೇಳಿದ್ದು?"

ಆಂಟಿ ಚಹಾ ಕೂಡ ಮುಟ್ಟದೆ ಸಿಟ್ಟಿನಲ್ಲಿ ಹೊರಟರು. ನನ್ನನ್ನು ನಂಬಿಸಿ ಮೂರ್ಖಳನ್ನಾಗಿ ಮಾಡಿಬಿಟ್ಟರಲ್ಲ ಅಂತ ದಾರಿಯುದ್ದಕ್ಕೂ ಬೈದುಕೊಂಡು ಮನೆ ಸೇರಿದರು. ಆದರೆ ಒಳಗೆ ಕೊರೆಯುತ್ತಿದ್ದದ್ದು ಸಿಟ್ಟಲ್ಲ, ಭಯ. ತನ್ನ ಗುರುವಾರ ಕೈತಪ್ಪಿ ಹೋಯಿತು. ಕೊಡುವ ಕೈ ತನ್ನದು ಅಂತ ತಲೆಯೆತ್ತಿ ನಡೆಯುತ್ತಿದ್ದ ಒಂದೇ ಒಂದು ದಿನ, ಅದೂ ಹೋಯಿತು.

ಗುರುವಾರ ಬಂತು. ಆಂಟಿ ಒಲೆ ಹಚ್ಚಲಿಲ್ಲ. ಬರುವುದಿಲ್ಲ ಅವಳು, ಬಂದರೂ ಬಾಗಿಲು ತೆಗೆಯುವುದಿಲ್ಲ ಅಂತ ಹಟ ಹಿಡಿದು ಕೂತರು. ಕೂತಲ್ಲಿಂದ ಕಣ್ಣು ಮಾತ್ರ ಗೋಡೆಯ ಇಂಟರ್‌ಕಾಮಿನ ಮೇಲೆಯೇ. ಆ ಕಟ್ಟಡದಲ್ಲಿ ಕೆಳಗಿನ ಗೇಟಿನಿಂದ ಬಟನ್ ಒತ್ತಿದರೆ ಮೇಲೆ ಮನೆಯಲ್ಲಿ ರಿಂಗ್ ಆಗುತ್ತದೆ. ರಿಸೀವರ್ ಎತ್ತಿ ಮಾತಾಡಿ, ಬೇಕಾದವರಾದರೆ ಗೇಟು ತೆರೆಯಬೇಕು.

ರಿಂಗ್ ಆಯಿತು.

ಆಪರೇಟರ್ ಆಗಿದ್ದವರಿಗೆ ರಿಂಗ್ ಆಗುತ್ತಿದ್ದರೆ ಸುಮ್ಮನೆ ಕೂರಲಾಗುತ್ತದೆಯೇ? ಕೈ ತಾನಾಗಿಯೇ ಹೋಯಿತು. "ಹಲೋ" ಅಂದರು.

"ಆಂಟಿ, ನಾನೇ."

"ಯಾಕೆ ಬಂದೆ? ಸೇವೆ ಮಾಡೋಕಾ?"

ರಸ್ತೆಯ ಸದ್ದಿನ ನಡುವೆ ಹುಡುಗಿಯ ದನಿ ಬಂತು. "ನೀವೇ ಕರೆದಿದ್ದಲ್ವಾ ಆಂಟಿ?"

ಅದು ಆಂಟಿಯದೇ ಕಥೆಯ ಮಾತು. ಪ್ರತಿ ಗುರುವಾರ ಹೇಳುತ್ತಿದ್ದ ಆ ಫೋನಿನ ಕಥೆ. ಹಿಂದೆ ದೂರದ ಊರಿಗೆ ಕರೆ ಮಾಡಬೇಕಾದರೆ ಮೊದಲೇ ಬುಕ್ ಮಾಡಬೇಕಿತ್ತು. ಲೈನ್ ಸಿಕ್ಕಾಗ ಆಪರೇಟರು ಎರಡೂ ಕಡೆಗೆ ರಿಂಗ್ ಕೊಟ್ಟು ಸೇರಿಸಬೇಕು. ಒಂದು ದಿನ ಆಂಟಿ ಲೈನ್ ಸೇರಿಸುವ ಬೋರ್ಡಿನಲ್ಲಿ ತಪ್ಪಿ ಪಕ್ಕದ ತೂತಿಗೆ ಪ್ಲಗ್ ಹಾಕಿ, ಬುಕ್ಕೇ ಮಾಡದ ಒಬ್ಬ ಮುದುಕನನ್ನು ಯಾವುದೋ ಊರಿನ ಟೀಚರಮ್ಮನಿಗೆ ಸೇರಿಸಿಬಿಟ್ಟಿದ್ದರು. "ಯಾಕೆ ಫೋನ್ ಮಾಡಿದ್ರಿ?" ಅಂತ ಆಕೆ. "ನೀವೇ ಕರೆದಿದ್ದಲ್ವಾ?" ಅಂತ ಆತ. ಇಬ್ಬರೂ ಜಗಳಾಡಿದರು. ಆಮೇಲೆ ಇಬ್ಬರಿಗೂ ನಗು ಬಂತು. ಆಮೇಲೆ ಮಾತಿಗೆ ಬಿದ್ದರು. ಮೇಲಿನವರು ಬೈಯುತ್ತಾರೆಂದು ಗೊತ್ತಿದ್ದೂ ಆಂಟಿ ಅಂದು ಪ್ಲಗ್ ಕೀಳಲಿಲ್ಲ.

"ಆ ಕಥೆ ಕೇಳಿ ಕೇಳಿ ಬೇಜಾರಾಗಿದೆ ಅಂದ್ಯಲ್ಲ" ಅಂದರು ಆಂಟಿ. ದನಿ ಗಡುಸಾಗಿರಲೆಂದು ನೋಡಿದರು, ಆಗಲಿಲ್ಲ.

"ಬೇಜಾರು ಅಂತ ನಾನು ಹೇಳ್ಲಿಲ್ಲ." ಹುಡುಗಿ ಮೂಗು ಎಳೆದುಕೊಂಡಳು. "ಅಷ್ಟು ಜನರ ಮುಂದೆ ನಿಂತು, ಗುರುವಾರ ಒಂದಿಲ್ಲದಿದ್ರೆ ನನಗೆ ಆ ವಾರ ಕಳೆಯೋಕೇ ಆಗಲ್ಲ ಅಂತ ಹೇಳೋಕಾಗತ್ತಾ ಆಂಟಿ? ಸೇವೆ ಅಂದ್ರೆ ಮರ್ಯಾದೆ ಉಳಿಯತ್ತೆ. ಅದಕ್ಕೇ ಹಾಗಂದೆ."

ಆಂಟಿ ಗೋಡೆಗೆ ಒರಗಿದರು. ಕನ್ನಡಿಯ ಮುಂದೆ ತಾವು ಹೇಳಿ ನೋಡಿಕೊಂಡ ಮಾತು ನೆನಪಾಗಿ ನಾಚಿಕೆಯಾಯಿತು.

"ಕ್ಯಾಂಟೀನಲ್ಲಿ ಊಟ ಆಗಿರ್ತಿತ್ತು ಅಂದೆ. ಮತ್ತೆ ನಾನು ಕೇಳಿದಾಗ ಇಲ್ಲ ಅಂತ ಯಾಕೆ ಸುಳ್ಳು ಹೇಳ್ತಿದ್ದೆ?"

"ಅಮ್ಮ ಹೋದ್ಮೇಲೆ ಊಟ ಆಯ್ತಾ ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ. ಆಯ್ತು ಅಂದ್ಬಿಟ್ರೆ ನೀವು ಆಮೇಲೆ ಕೇಳೋದೇ ಬಿಟ್ಬಿಡ್ತೀರೇನೋ ಅಂತ ಭಯ ಆಗ್ತಿತ್ತು."

ಇಷ್ಟು ದಿನ ತಟ್ಟೆಗೆ ಮೇಲಿಂದ ಮೇಲೆ ಬಡಿಸುತ್ತಿದ್ದಾಗ ಎದುರಿಗೆ ಕೂತಿದ್ದ ಈ ಕೂಸು ಯಾವುದಕ್ಕೆ ಹಸಿದಿತ್ತು ಅಂತ ಆಂಟಿಗೆ ಗೊತ್ತೇ ಆಗಿರಲಿಲ್ಲ. ತಮ್ಮ ಹಸಿವೂ ಗೊತ್ತಾಗಿರಲಿಲ್ಲ. ರಿಸೀವರನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ಇವತ್ತು ಏನೂ ಮಾಡಿಲ್ಲ ಕಣೆ. ಒಲೆ ತಣ್ಣಗಿದೆ."

"ನನಗೂ ಹಸಿವಿಲ್ಲ ಆಂಟಿ."

"ನನಗೂ ರಾತ್ರಿ ಊಟ ಆಗಿಬರಲ್ಲ. ನಿನ್ನ ಮುಖ ನೋಡ್ಕೊಂಡು ಉಣ್ತಿದ್ದೆ, ಎದೆಯುರಿ ತಡಕೊಂಡು."

ಕೆಳಗಿನಿಂದ ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಬಂತು. ಆಂಟಿ ಗೇಟಿನ ಬಟನ್ ಒತ್ತಿದರು. ಹುಡುಗಿಯ ಚಪ್ಪಲಿಯ ಸದ್ದು ಮೆಟ್ಟಿಲೇರಿ ಬರುತ್ತಿದ್ದರೂ ರಿಸೀವರ್ ಇಡುವುದು ಅವರಿಗೆ ಮರೆತೇ ಹೋಗಿತ್ತು. ಬಾಗಿಲು ತೆರೆದಾಗ ಅದು ವೈರಿನಲ್ಲಿ ನೇತಾಡುತ್ತಿತ್ತು. ಬರಿಗೈಯಲ್ಲಿ ಹುಡುಗಿ ಹೊರಗೆ, ಬರಿಗೈಯಲ್ಲಿ ಆಂಟಿ ಒಳಗೆ.

"ಊಟ ಆಯ್ತಾ?" ಅಂದರು ಆಂಟಿ.

"ಆಯ್ತು" ಅಂದಳು ಹುಡುಗಿ, ಹೆದರಿ ಹೆದರಿ.

"ಬಾ, ಆದರೂ ಬಾ" ಅಂದರು ಆಂಟಿ.