ಜೇಬಿನಲ್ಲುಳಿದ ಸ್ಕ್ರೂ

"ಬರುವಾಗ ನಿಮ್ಮ ಸಾಮಾನು ಪೆಟ್ಟಿಗೆ ತನ್ನಿ" ಎಂದು ಸಂದರ್ಶನಕ್ಕೆ ಕರೆದವರು ಫೋನಿನಲ್ಲಿ ಹೇಳಿದಾಗಲೇ ನನಗೆ ಅನುಮಾನ ಬಂತು. ಪಕ್ಕದಲ್ಲಿದ್ದ ಬಾಮೈದ ಉರಿಯುವ ಬೆಂಕಿಗೆ ತುಪ್ಪ ಸುರಿದ.

"ಟೆಸ್ಟ್ ಅಂತ ಪುಕ್ಕಟೆ ರಿಪೇರಿ ಮಾಡಿಸ್ಕೊಂಡು ಕಳಿಸ್ತಾರೆ ಭಾವ, ಹುಷಾರು."

ನಾನು ಹೊಲಿಗೆ ಮೆಷಿನ್ ಮೆಕ್ಯಾನಿಕ್. ಹಳೇ ಕಾರ್ಖಾನೆ ಮುಚ್ಚಿ ಒಂಬತ್ತು ತಿಂಗಳಾಗಿತ್ತು. ಅಕ್ಕಪಕ್ಕದವರು ಕೇಳಿದರೆ ಹೆಂಡತಿ ಇನ್ನೂ "ಅವ್ರು ರಜೆಲಿದ್ದಾರೆ" ಎನ್ನುತ್ತಿದ್ದಳು. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಸಿದ್ಧ ಉಡುಪಿನ ಆ ಕಾರ್ಖಾನೆಯ ಮ್ಯಾನೇಜರ್ ನನ್ನ ಅರ್ಜಿಯನ್ನು ತೆರೆದೂ ನೋಡಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವದ ಮೇಲೆ ಟೀ ಲೋಟ ಇಟ್ಟ. "ಮಾತು ಆಮೇಲೆ. ಮೊದ್ಲು ಕೈ ನೋಡೋಣ" ಎಂದು ಒಳಗೆ ಕರೆದೊಯ್ದ. ಅಲ್ಲಿ ಐದು ಮೆಷಿನ್ ಕೆಟ್ಟು ಕೂತಿದ್ದವು. ಪೆಟ್ಟಿಗೆ ಹಿಡಿದು ಬಂದ ನಾವೂ ಐದೇ ಜನ. ಬಾಮೈದ ಹೇಳಿದ್ದು ಸುಳ್ಳಲ್ಲ ಅನ್ನಿಸಿ ಮೈಯೆಲ್ಲ ಉರಿಯಿತು.

ನನ್ನ ಪಾಲಿನ ಮೆಷಿನ್ ಹೊಲಿಗೆ ಬಿಟ್ಟು ಬಿಟ್ಟು ಹಾಕುತ್ತಿತ್ತು. ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಸೂಜಿಯ ಕೆಳಗಿನ ತಗಡಿಗೆ ಎರಡು ಸ್ಕ್ರೂ. ಒಂದನ್ನು ಬಿಗಿದು, ಇನ್ನೊಂದನ್ನು ಜೇಬಿಗೆ ಹಾಕಿಕೊಂಡೆ. ಒಂದರಲ್ಲೂ ಮೆಷಿನ್ ಓಡುತ್ತದೆ, ಹೆಚ್ಚು ದಿನವಲ್ಲ ಅಷ್ಟೆ. ಬೇಕಿದ್ದರೆ ಮತ್ತೆ ಕರೆಯಲಿ, ನಾನೇನು ಕಿವಿ ಮೇಲೆ ಹೂ ಇಟ್ಟುಕೊಂಡು ಬಂದಿರಲಿಲ್ಲ.

ಮ್ಯಾನೇಜರ್ ಬಟ್ಟೆಯ ಚೂರೊಂದನ್ನು ಓಡಿಸಿ ನೋಡಿದ. "ಪರವಾಗಿಲ್ಲ. ನಾಳೆ ತಿಳಿಸ್ತೀವಿ."

ತಿಳಿಸ್ತಾರೆ, ತಿಳಿಸ್ತಾರೆ ಎಂದು ಗೊಣಗುತ್ತಾ ಮನೆಗೆ ಬಂದೆ. ಬಾಮೈದನಿಗೆ ಸ್ಕ್ರೂ ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಮ್ಯಾನೇಜರೇ ಫೋನ್ ಮಾಡಿದ.

"ಐದರಲ್ಲಿ ನಿಮ್ಮದೊಂದೇ ನೆಟ್ಟಗೆ ಓಡಿದ್ದು. ನಿಮ್ಮನ್ನೇ ತಗೊಳೋಣ ಅಂತಿದ್ದೆ."

ನಾನು ಕೂತಲ್ಲಿಂದ ಎದ್ದು ನಿಂತೆ.

"ಬೆಳಿಗ್ಗೆ ಹೊಲಿಯೋಕೆ ಕೂತ ಹೆಂಗಸು ಒಂದು ಸ್ಕ್ರೂನೇ ಇಲ್ಲ ಅಂದ್ರು. ಮರೆತ್ರಾ?"

ಮರೆತೆ ಎಂದರೆ ನಾನು ಮೆಕ್ಯಾನಿಕ್ಕೇ ಅಲ್ಲ. ಮರೆತಿಲ್ಲ ಎಂದರೆ ಮನುಷ್ಯನೇ ಅಲ್ಲ.

"ಹೋಗ್ಲಿ ಬಿಡಿ" ಎಂದು ಫೋನ್ ಇಟ್ಟುಬಿಟ್ಟ.

"ನೆಪ ಭಾವ, ಬರೀ ನೆಪ! ಕೆಲಸ ಕೊಡೋ ಮನಸ್ಸೇ ಅವನಿಗಿರ್ಲಿಲ್ಲ" ಎಂದ ಬಾಮೈದ. ಅದೇ ನಿಜವಾಗಿರಲಿ ಎಂದು ನನಗೂ ಆಸೆಯಾಯಿತು, ನಂಬಲು ಮಾತ್ರ ಆಗಲಿಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಏನಂದ್ರು?"

ಜೇಬಿನಲ್ಲಿ ಸ್ಕ್ರೂ ಬೆರಳಿಗೆ ಸಿಕ್ಕಿತು.

"ಪಕ್ಕದ ಮನೆಯವ್ರು ಕೇಳಿದ್ರೆ," ಎಂದೆ, "ಇನ್ನೂ ಸ್ವಲ್ಪ ದಿನ ರಜೆ ಇದೆ ಅನ್ನು."